ಪಡುವಣ ಬಟ್ಟಲು

ನಮ್ಮೂರಿನವರು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ ಎಂದು ಸುತ್ತಲಿನ ಊರುಗಳವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಹೊಗಳಿಕೊಳ್ಳುವಂಥದ್ದು ಇದ್ದವರು ಹೊಗಳಿಕೊಳ್ಳದೆ ಇನ್ನೇನು ಮಾಡಬೇಕು? ಬೇರೆ ಊರುಗಳಲ್ಲಿ ಯಾರಾದರೂ ಸೀನಿದರೆ, ಹೊರಟಿದ್ದವನೊಬ್ಬ ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊರಡುತ್ತಾನೆ. ನಮ್ಮೂರಿನಲ್ಲಿ ನನ್ನ ಹೆಂಡತಿ ಸೀನಿದರೆ ಇಡೀ ಊರೇ ಕೂರುತ್ತದೆ. ಗೌಡರು ಕೂರುತ್ತಾರೆ, ಪೂಜಾರಪ್ಪ ಕೂರುತ್ತಾನೆ, ಜಗಳವಾಡುತ್ತಿದ್ದವರು ಎದುರೆದುರೇ ಕೂತು ಜಗಳ ಮುಂದುವರಿಸುತ್ತಾರೆ. ಇಂಥ ಹೆಂಡತಿ ಇರುವ ಗಂಡ ಮೀಸೆ ತಿರುವಿದರೆ ತಪ್ಪೇನು ಎಂದು ನೀವೇ ಹೇಳಿ.

ಸೂರ್ಯ ಸೀನುವುದು ನಮ್ಮ ಕಡೆಯ ಹಳೆಯ ಮಾತು. ಅವನು ಅಲ್ಲಿ ಸೀನಿದ ಒಂದೆರಡು ದಿನಕ್ಕೆ ಅದರ ಗಾಳಿ ಬಂದು ನಮ್ಮನ್ನು ಮುಟ್ಟುತ್ತದೆ. ಮುಟ್ಟಿದೊಡನೆ ನಮಗೆಲ್ಲ ದಿಕ್ಕು ಕೆಡುತ್ತದೆ. ಮೂಡಲು ಯಾವುದು, ಪಡುವಲು ಯಾವುದು ಎಂಬುದೇ ತಲೆಯಿಂದ ಜಾರಿಹೋಗುತ್ತದೆ. ಹುಟ್ಟಿ ಬೆಳೆದ ಬೀದಿಯಲ್ಲೇ ನಿಂತು, ನಮ್ಮ ಮನೆ ಎಲ್ಲಿ ಎಂದು ಕಣ್ಣು ಕಣ್ಣು ಬಿಡುತ್ತೇವೆ. ಎಮ್ಮೆಗಳು ಯಾರದೋ ಕೊಟ್ಟಿಗೆಗೆ ಹೋಗಿ ಕಟ್ಟಿಸಿಕೊಳ್ಳುತ್ತವೆ. ಗಾಳಿ ಹಾದುಹೋದ ಮೇಲೆ ಎಲ್ಲವೂ ಮೊದಲಿನಂತೆಯೇ.

ಅದಕ್ಕೆ ನಮ್ಮ ಹಿರಿಯರು ಮಾಡಿದ ಕಟ್ಟುಪಾಡು ಬಹಳ ಸರಳ. ಎಚ್ಚರಿಕೆಯ ಸೀನು ಕೇಳಿಸಿದವರು 'ಕೂತೆ' ಎಂದು ಕೂಗಿ ಇದ್ದಲ್ಲೇ ಕೂರಬೇಕು. ಅದನ್ನು ಕೇಳಿದ ಪಕ್ಕದವರು ತಾವೂ 'ಕೂತೆ' ಎನ್ನಬೇಕು. ಹೀಗೆ ಆ ಒಂದು ಮಾತು ಬಾಯಿಂದ ಬಾಯಿಗೆ ಊರೆಲ್ಲ ಓಡಾಡಿ ಬರುತ್ತದೆ. ಯಾರ ಮನೆಯಲ್ಲಿ ಕೂತರೋ ಗಾಳಿ ಕಳೆಯುವ ತನಕ ಆ ಮನೆಯ ನೆಂಟರು. ಹೊಸಿಲ ಬಳಿ ಎಲ್ಲರ ಮನೆಯಲ್ಲೂ ಒಂದು ಸೀನಿನ ಚಾಪೆ ಇರುತ್ತದೆ. ನಮ್ಮೂರಿನ ಅರ್ಧ ಮದುವೆಗಳು ಆ ಚಾಪೆಯ ಮೇಲೇ ಕುದುರಿದವು ಎಂದು ಹೆಂಗಸರು ನಗುತ್ತಾರೆ. ನನ್ನದೂ ಹಾಗೆಯೇ ಕುದುರಿತು. ಅದರ ವಿಷಯ ಈಗ ಬೇಡ.

ಸೂರ್ಯನ ಸೀನಿನ ಗಾಳಿ ಬರುವುದು ನಮಗೆ ಮೊದಲೇ ಗೊತ್ತಾಗುವುದು ತೊಟ್ಟಿಗಳಿಂದ. ನಮ್ಮ ಮನೆಯ ಹಿಂದಿನ ದಿಬ್ಬದ ಮೇಲೆ ನಾಲ್ಕು ದಿಕ್ಕಿಗೆ ನಾಲ್ಕು ತೊಟ್ಟಿಗಳಿವೆ. ಬೆಳಕಿನ ಒಂದು ಎಳೆಯೂ ಒಳಗೆ ನುಸುಳದಂತೆ ಮುಚ್ಚಿ, ತಿಳಿನೀರು ತುಂಬಿಸಿ, ನೀರಿನಲ್ಲಿ ಒಂದು ಗಾಜಿನ ಕಣ್ಣು ಇಳಿಬಿಟ್ಟಿದ್ದಾರೆ. ಎಲ್ಲೋ ದೂರದಲ್ಲಿ, ಸಿಡಿದುಹೋದ ನಕ್ಷತ್ರಗಳಿಂದ ಹೊರಟವರು ಹಗಲೂ ರಾತ್ರಿ ನಮ್ಮ ಮೇಲೆ ಸುರಿಯುತ್ತಲೇ ಇರುತ್ತಾರಂತೆ. ಸೂರನ್ನು, ಬಂಡೆಯನ್ನು, ನನ್ನನ್ನು, ನಿಮ್ಮನ್ನು ತೂರಿಕೊಂಡು ಹೋಗುತ್ತಾರೆ. ಒಂದು ಮಾತೂ ಆಡುವುದಿಲ್ಲ. ನಾವು ಅವರನ್ನು ದಾರಿಹೋಕರು ಎನ್ನುತ್ತೇವೆ. ದಾರಿಹೋಕನೊಬ್ಬ ತೊಟ್ಟಿಯ ನೀರನ್ನು ಹಾಯುವಾಗ ಕತ್ತಲಲ್ಲಿ ನೀಲಿ ಮಿಣುಕೊಂದು ಹುಟ್ಟುತ್ತದೆ, ಗಾಜಿನ ಕಣ್ಣು ಅದನ್ನು ನೋಡುತ್ತದೆ, ತಂತಿಯ ಮೂಲಕ ನಮ್ಮ ಜಗಲಿಗೆ ಸುದ್ದಿ ಬರುತ್ತದೆ. ಜಗಲಿಯಲ್ಲಿ ನಾಲ್ಕು ಕಂಚಿನ ಬಟ್ಟಲುಗಳು, ಅವಕ್ಕೆ ನಾಲ್ಕು ಪುಟ್ಟ ಸುತ್ತಿಗೆಗಳು. ಹಿಂಡು ಹಿಂಡಾಗಿ ದಾರಿಹೋಕರು ಹಾದುಹೋದಂತೆಲ್ಲ ಸುತ್ತಿಗೆ ಬೀಳುತ್ತದೆ. ಬಟ್ಟಲುಗಳನ್ನು ಎರಕ ಹೊಯ್ದವನು ನಾನು, ಕಂಚುಗಾರ ಸಣ್ಣಾಚಾರಿ. ನಾಲ್ಕಕ್ಕೂ ನಾಲ್ಕು ಬೇರೆ ದನಿ. ಪಡುವಣ ಬಟ್ಟಲಿನದು ಎಲ್ಲಕ್ಕಿಂತ ಇಂಪು ಎಂದು ನಾನಲ್ಲ, ಊರೇ ಹೇಳುತ್ತದೆ.

ಬಟ್ಟಲುಗಳು ಒಂದೇ ಸಮ ದನಿಗೊಡುತ್ತಿದ್ದರೆ ಅದು ತುಂಬು. ಆ ತುಂಬಿಗೇ ನಮ್ಮ ಹೆಂಗಸರು ಮೊಸರು ಕಡೆಯುತ್ತಾರೆ, ಮಕ್ಕಳು ನಿದ್ದೆ ಹೋಗುತ್ತವೆ. ಸೂರ್ಯನ ಗಾಳಿ ಹತ್ತಿರವಾದಾಗ ದಾರಿಹೋಕರು ಕಡಿಮೆಯಾಗುತ್ತಾರೆ, ಪೆಟ್ಟುಗಳು ವಿರಳವಾಗುತ್ತವೆ. ಅದು ಬಡಕಲು. ಎಲ್ಲ ಬಟ್ಟಲೂ ಒಮ್ಮೆಲೇ ಬಡಕಲಾಗುವುದಿಲ್ಲ. ಗಾಳಿ ಬರುವ ಕಡೆಯದು ಮೊದಲು ಕೃಶವಾಗುತ್ತದೆ, ಅದೂ ಕೂದಲೆಳೆಯಷ್ಟು. ಹಾಗೇಕೆ ಎಂದು ಒಮ್ಮೆ ಕೇಳಿದ್ದಕ್ಕೆ ನನ್ನ ಹೆಂಡತಿ ಕಾಳಮ್ಮ, "ಬಿರುಗಾಳಿ ಬರೋ ದಾರೀಲಿ ಯಾರಾದ್ರೂ ನಡೀತಾರಾ?" ಎಂದು ನನ್ನನ್ನೇ ದಡ್ಡನನ್ನಾಗಿ ಮಾಡಿದಳು. ಅವಳು ಊರಿನ ಕೇಳುವವಳು. ಆ ಕೂದಲೆಳೆಯ ಬಡಕಲು ಕಿವಿಗೆ ಬಿದ್ದೊಡನೆ, ಸೊಂಟದ ನಶ್ಯದ ಡಬ್ಬಿ ತೆಗೆದು, ಒಂದು ಚಿಟಿಕೆ ಏರಿಸಿ, ದನಿ ಊರಿಗೆಲ್ಲ ಮುಟ್ಟಲೆಂದು ಜಗಲಿಯಲ್ಲಿ ನಿಲ್ಲಿಸಿದ ಕಹಳೆಯಲ್ಲಿ ಮುಖವಿಟ್ಟು ಸೀನುತ್ತಾಳೆ. ಆಮೇಲೆ ಊರೆಲ್ಲ ಕೂತರೂ ಅವಳು ಕೂರುವಂತಿಲ್ಲ. ಬಟ್ಟಲುಗಳು ಮತ್ತೆ ತುಂಬುವ ತನಕ ನಿಂತು ಕೇಳಿ, 'ಎದ್ದೇಳಿ' ಎಂದು ಹೇಳುವವಳೂ ಅವಳೇ. 'ಕೂತೆ' ಎಂಬ ಮಾತನ್ನು ನಮ್ಮೂರಿನಲ್ಲಿ ಬಾಯಿಗೆ ತಂದುಕೊಳ್ಳದವಳು ಅವಳೊಬ್ಬಳೇ.

ನಮ್ಮ ಒಬ್ಬಳೇ ಮಗಳು ಮೋನಿ. ಅವಳಿಗೆ ಗಂಡು ಗೊತ್ತಾದದ್ದು ಬಯಲಿನ ಆಚೆ, ಪಡುವಣದ ಊರಿನಲ್ಲಿ. ಹುಡುಗ ನೀಲಕಂಠ, ಕಮ್ಮಾರರ ಮನೆಯವನು, ಮಾತು ಕಡಿಮೆ. ಅವನ ಅಪ್ಪ ರುದ್ರಾಚಾರಿ ಬಂಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವುದರಲ್ಲಿ ಎತ್ತಿದ ಕೈ. ಮಗ ಉಳಿಸಿದ ಮಾತುಗಳನ್ನೆಲ್ಲ ಅಪ್ಪ ಖರ್ಚು ಮಾಡುತ್ತಾನೆ. ಆ ಊರಿನವರಿಗೂ ನಮ್ಮಂತೆಯೇ ದಿಕ್ಕು ಕೆಡುತ್ತದೆ. ಆದರೆ ಒಪ್ಪಿಕೊಳ್ಳುವುದಿಲ್ಲ. ದಿಕ್ಕು ಕೆಟ್ಟು ಯಾರದೋ ಮನೆಯ ಅಡುಗೆ ಕೋಣೆಯಲ್ಲಿ ಸಿಕ್ಕಿಬಿದ್ದವನು, 'ಹಿಂಗೇ ಮಾತಾಡಿಸ್ಕೊಂಡು ಹೋಗಾನ ಅಂತ ಬಂದೆ' ಎನ್ನುತ್ತಾನೆ. ಮನೆಯವರೂ 'ಅದಕ್ಕೇನಂತೆ, ಬಾರಪ್ಪ' ಎನ್ನುತ್ತಾರೆ. ತೊಟ್ಟಿಯಿಲ್ಲ, ಬಟ್ಟಲಿಲ್ಲ, ಮರ್ಯಾದೆ ಮಾತ್ರ ಇದೆ. ಎರಡೂರಿನ ನಡುವಿನ ಬಯಲಿನಲ್ಲಿ ಹಳೆಯ ಕಲ್ಲುಗಣಿಯ ಹೊಂಡಗಳಿವೆ, ನೀರು ತುಂಬಿ ನಿಂತಿರುತ್ತವೆ. ರುದ್ರಾಚಾರಿಯ ಅಣ್ಣ ಅಂಥ ಒಂದು ಹೊಂಡದಲ್ಲೇ ತೀರಿಕೊಂಡಿದ್ದ. ಈಜಲು ಇಳಿದಿದ್ದ ಎಂದು ಆ ಊರಿನವರು ಹೇಳುತ್ತಾರೆ. ಅಂದು ಸೂರ್ಯನ ಗಾಳಿ ಬಂದಿದ್ದು ನಮಗೆಲ್ಲ ಗೊತ್ತು. ನಾವು ಯಾರೂ ಬಾಯಿಬಿಡಲಿಲ್ಲ.

ಮದುವೆಯ ದಿನ ರುದ್ರಾಚಾರಿ ಬಂಡಿಯಿಂದ ಇಳಿದವನೇ ನನ್ನನ್ನು ಪಕ್ಕಕ್ಕೆ ಕರೆದ. "ನೋಡಿ ಬೀಗರೇ, ನಿಮ್ಮೂರ ಸೀನಿನ ಆಟ ಇವತ್ತೊಂದಿನ ಬ್ಯಾಡ. ಹೆಣ್ಣು ಹೊಸಿಲು ದಾಟೋ ಹೊತ್ತಿಗೆ ಸೀನು ಬಿತ್ತು ಅಂದ್ರೆ ಆ ಹೆಣ್ಣನ್ನ ನಾವು ಮನೆ ತುಂಬಿಸ್ಕೊಳಲ್ಲ. ನಮ್ಮ ಮನೆತನದಲ್ಲಿ ಅದು ನಡ್ಯಲ್ಲ." ನಾನು ನಕ್ಕು, ಸೀನುವುದು ಸೂರ್ಯ, ಅವನಿಗೆ ಯಾರು ಹೇಳುತ್ತಾರೆ ಎಂದೆ. ಅವನು ನಗಲಿಲ್ಲ.

ಧಾರೆ ಸುಸೂತ್ರವಾಗಿ ಮುಗಿಯಿತು, ಊಟವೂ ಆಯಿತು. ಇನ್ನು ಹೆಣ್ಣನ್ನು ಕಳಿಸಿಕೊಡುವ ಹೊತ್ತು. ಅಂಗಳದಲ್ಲಿ ಬಂಡಿಗಳು ಸಾಲಾಗಿ ನಿಂತಿದ್ದವು. ಎರಡು ಕಡೆಯ ಜನವೂ ದಿಬ್ಬಣದಲ್ಲಿ ಹೋಗುವವರೇ, ಮಕ್ಕಳು ಮರಿಗಳೆಲ್ಲ ಸೇರಿ. ವಾಲಗದವರು ಬಾಯಾರಿ ಒಂದು ಗಳಿಗೆ ನಿಲ್ಲಿಸಿದರು. ಮಗಳ ಮಡಿಲು ತುಂಬುತ್ತಿದ್ದ ಕಾಳಮ್ಮನ ಕೈ ಅಲ್ಲೇ ನಿಂತಿತು. ಅಕ್ಕಿ ಬೊಗಸೆಯಲ್ಲೇ ಉಳಿಯಿತು. ನಂತರ ಏನೂ ಆಗದವಳಂತೆ ಅಕ್ಕಿ ಸುರಿದು, "ತೆಂಗಿನಕಾಯಿ ತರ್ತೀನಿ" ಎಂದು ಒಳಗೆ ಹೋದಳು. ತೆಂಗಿನಕಾಯಿ ಅವಳ ಮುಂದಿನ ತಟ್ಟೆಯಲ್ಲೇ ಇತ್ತು. ನಾನು ಹಿಂದೆಯೇ ಹೋದೆ.

ಅಡುಗೆ ಮನೆಯಲ್ಲಿ ಅವಳು ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. "ಪಡುವಣದ್ದು ಬಡಕಲಾಗೈತೆ," ಎಂದಳು.

"ಹಂಗಾದ್ರೆ ಸೀನು. ಬೀಗರನ್ನ ನಾನು ನೋಡ್ಕೊತೀನಿ."

"ಆಗ್ತಿಲ್ಲ ಕಣ್ರೀ." ಅವಳ ಕಣ್ಣು ತುಂಬಿತ್ತು. "ಬೆಳಗ್ಗೆಯಿಂದ ಇವಳು ಇನ್ನೊಂದಿನ ಇರ್ಲಿ, ಇನ್ನೊಂದಿನ ಇರ್ಲಿ ಅಂತ ದೇವರ ಮುಂದೆ ಕೇಳ್ಕೊಂಡಿದೀನಿ. ಇವಳು ಹೋಗೋದೂ ಪಡುವಣಕ್ಕೇ, ನಂಗೆ ಬಡಕಲು ಕೇಳ್ತಿರೋದೂ ಪಡುವಣದ್ದೇ. ಕೇಳ್ತಿರೋದು ಕಿವಿಯೋ, ಕರುಳೋ, ನಂಗೇ ಗೊತ್ತಾಗ್ತಿಲ್ಲ. ಸುಮ್ಮಸುಮ್ಮನೆ ಸೀನಿ ಮಗಳ ಬಾಳು ಹಾಳು ಮಾಡ್ಲಾ? ನಾಳೆ ನನ್ನ ಸೀನಿಗೆ ಈ ಊರಲ್ಲಿ ಯಾರು ಕೂರ್ತಾರೆ?"

ಕುಲುಮೆಯ ಪಕ್ಕ ಬಡಿದೂ ಬಡಿದೂ ನನ್ನ ಕಿವಿ ಮಂದವಾಗಿದೆ. ಬಟ್ಟಲು ಮಾಡಿದವನು ನಾನೇ ಆದರೂ ಅದರ ಕೂದಲೆಳೆ ನನಗೆ ದಕ್ಕುವುದಿಲ್ಲ. ಸೀನದೆ ಬಿಟ್ಟು ಗಾಳಿ ಬಂದರೆ ಬಯಲಿನ ನಡುವೆ, ಹೊಂಡಗಳ ನಡುವೆ, ಅಷ್ಟು ಬಂಡಿಗಳು. ಸೀನಿ ಗಾಳಿ ಬರದಿದ್ದರೆ ಮಗಳು ತಾಳಿ ಕಟ್ಟಿಸಿಕೊಂಡು ತವರಲ್ಲೇ ಉಳಿಯುತ್ತಾಳೆ. ಜಗಲಿಯ ಕಡೆಯಿಂದ ರುದ್ರಾಚಾರಿ, "ಹೊತ್ತಾಯ್ತು, ಹೆಣ್ಣನ್ನ ಕಳಿಸ್ರಿ!" ಎಂದು ಕೂಗುತ್ತಿದ್ದ.

ಬಾಗಿಲಲ್ಲಿ ಬಳೆ ಸದ್ದಾಯಿತು. ಮೋನಿ ನಿಂತಿದ್ದಳು, ತಲೆಯ ತುಂಬ ಹೂವು, ಮಡಿಲ ತುಂಬ ಅಕ್ಕಿ. ಅವ್ವನ ಮಾತೆಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಮುಚ್ಚಿ, ತಲೆ ಒಂದಿಷ್ಟು ಓರೆ ಮಾಡಿ, ಜಗಲಿಯ ಕಡೆ ಕಿವಿ ಕೊಟ್ಟಳು. ಥೇಟ್ ಅವಳ ಅವ್ವನ ನಿಲುವು.

"ಅವ್ವಾ," ಎಂದಳು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬೇಡ್ಕೊಂಡಂಗೆ ನಾನು ಬೇಡ್ಕೊಂಡಿಲ್ಲ. ನಂಗೆ ಇಲ್ಲಿ ಇನ್ನೊಂದಿನ ಇರೋ ಆಸೆ ಇಲ್ಲ. ಬಂಡಿ ಯಾವಾಗ ಕಟ್ತಾರೋ, ಯಾವಾಗ ಹೊರಡ್ತೀವೋ ಅಂತ ಬೆಳಗ್ಗೆಯಿಂದ ಕಾಯ್ತಾ ಇದೀನಿ."

ಕಾಳಮ್ಮ ಬೆಪ್ಪಾಗಿ ಮಗಳ ಮುಖ ನೋಡಿದಳು. ನನಗೂ ಚುರುಕ್ ಎಂದಿತು, ಸುಳ್ಳು ಹೇಳುವುದಿಲ್ಲ.

"ಆದ್ರೂ ನಂಗೂ ಬಡಕಲೇ ಕೇಳ್ತೈತೆ," ಎಂದಳು ಮೋನಿ. "ನಿನ್ನ ಕಿವಿ ನಂಬಬೇಡ ಬಿಡು. ಹೋಗೋಕೆ ಕಾಲು ಎತ್ತಿರೋಳ ಕಿವಿ ನಂಬು." ಹೇಳಿದವಳೇ ಅವ್ವನ ಸೊಂಟಕ್ಕೆ ಕೈಹಾಕಿ, ನಶ್ಯದ ಡಬ್ಬಿ ಎಳೆದು, ಮುಚ್ಚಳ ಬಿಚ್ಚಿ, ಗೋರಂಟಿ ಕೈಯಲ್ಲಿ ಅವಳ ಮೂಗಿನ ಹತ್ತಿರ ಹಿಡಿದಳು. "ಸೀನವ್ವ."

ಕಾಳಮ್ಮ ಒಂದು ಚಿಟಿಕೆ ಏರಿಸಿಕೊಂಡು ಜಗಲಿಗೆ ನಡೆದಳು, ಕಹಳೆಯಲ್ಲಿ ಮುಖವಿಟ್ಟಳು, ಸೀನಿದಳು. ಅಂಥ ಸೀನನ್ನು ನಾನು ಅದಕ್ಕೆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಎತ್ತುಗಳು ಕೊರಳು ಕೊಡವಿದವು. 'ಕೂತೆ' ಎಂದೆ ನಾನು. 'ಕೂತೆ' ಎಂದು ಹೊಸಿಲಲ್ಲಿ ಮಡಿಲಕ್ಕಿ ಸಮೇತ ಕೂತಳು ಮೋನಿ. ಚಪ್ಪರದ ಕೆಳಗಿನ ನಮ್ಮವರೆಲ್ಲ ಕೂತರು, ವಾಲಗದವರು ಕೂತರು, ಬೀದಿಯ ಉದ್ದಕ್ಕೂ ಕೂತೆ ಕೂತೆ ಎಂದು ಮಾತು ಓಡಿತು. ನಿಂತೇ ಉಳಿದವರು ಗಂಡಿನ ಕಡೆಯವರು, ಮತ್ತು ನನ್ನ ಹೆಂಡತಿ.

ರುದ್ರಾಚಾರಿಯ ಮುಖ ಕೆಂಡವಾಯಿತು. "ನೋಡಿದ್ರಾ? ಹೆತ್ತ ತಾಯೇ ಸೀನ್ತಾಳೆ! ಮಗಳನ್ನ ಕಳಿಸೋಕೆ ಮನಸ್ಸಿಲ್ಲ ಅಂದ್ರೆ ಮದುವೆ ಯಾಕೆ ಮಾಡಿದ್ರಿ? ನೀವೇ ಇಟ್ಕೊಳಿ ನಿಮ್ಮ ಮಗಳನ್ನ. ನೀಲಕಂಠಾ, ಹತ್ತೋ ಬಂಡಿ!"

ನೀಲಕಂಠ ಅಪ್ಪನನ್ನು ನೋಡಿದ, ಹೊಸಿಲಲ್ಲಿ ಕೂತ ಹೆಂಡತಿಯನ್ನು ನೋಡಿದ. "ಕೂತೆ" ಎಂದು ಚಪ್ಪರದ ಕಂಬಕ್ಕೆ ಒರಗಿ ಕೂತುಬಿಟ್ಟ. ಅಂದು ಅವನು ಆಡಿದ ಮಾತು ಅದೊಂದೇ ಇರಬೇಕು. ನನ್ನ ಅಳಿಯ ಎಂದು ಆ ಗಳಿಗೆಯಲ್ಲೇ ಅವನನ್ನು ಮನಸ್ಸಿನಲ್ಲಿ ಅಪ್ಪಿಕೊಂಡೆ. ಅವನು ಕೂತದ್ದು ನೋಡಿ ಗಂಡಿನ ಕಡೆಯವರೂ ಒಬ್ಬೊಬ್ಬರಾಗಿ, ಕಾಲು ನೋವು ಎಂಬ ನೆಪ ಹೇಳಿಕೊಂಡು, ಕೂತರು.

ಆದರೆ ಗಾಳಿ ಬರಲಿಲ್ಲ. ಕೂತೇ ಕೂತೆವು. ಮೂಡಣ, ಬಡಗಣ, ತೆಂಕಣ ಬಟ್ಟಲುಗಳು ತುಂಬು ದನಿಯಲ್ಲಿ ಹಾಡುತ್ತಲೇ ಇದ್ದವು. ಚಪ್ಪರದ ನೆರಳು ಸರಿಯಿತು, ಬಿಸಿಲು ನಮ್ಮ ಮೊಣಕಾಲಿಗೆ ಬಂತು. ರುದ್ರಾಚಾರಿ ಅಂಗಳದಲ್ಲಿ ಅತ್ತಿಂದಿತ್ತ ತಿರುಗುತ್ತ, "ಎಲ್ಲಿ, ನಂಗೇನೂ ಆಗಿಲ್ಲ. ಅದು ಮೂಡಲು, ಇದು ಪಡುವಲು. ಅದು ನಿಮ್ಮ ಹಿತ್ತಲು," ಎಂದು ಬೊಟ್ಟು ಮಾಡಿ ತೋರಿಸುತ್ತಿದ್ದ. ನಮ್ಮವರಲ್ಲೇ ಹೆಂಗಸರಿಬ್ಬರು ಪಿಸುಗುಟ್ಟಿದರು, ತಾಯಿ ಕರುಳು ಅಲ್ಲವಾ, ಏನು ಮಾಡೋಕಾಗುತ್ತೆ ಎಂದು. ಕಾಳಮ್ಮನಿಗೆ ಅದು ಕೇಳಿಸಿತು. ಅವಳಿಗೆ ಕೇಳಿಸದಿರುವುದು ಏನಿದೆ? ಅವಳು ಪಡುವಣ ಬಟ್ಟಲಿನ ಪಕ್ಕದ ಕಂಬ ಹಿಡಿದು ನಿಂತೇ ಇದ್ದಳು. ಎದ್ದು ಹೋಗಿ ಪಕ್ಕದಲ್ಲಿ ನಿಲ್ಲೋಣ ಎನ್ನಿಸಿತು. ಎದ್ದರೆ ಅವಳ ಮಾತನ್ನು ಮೊದಲು ಮುರಿದವನು ಅವಳ ಗಂಡನೇ ಆಗುತ್ತಿದ್ದ. ಹಲ್ಲು ಕಚ್ಚಿ ಕೂತೆ.

"ಸಾಕು ನಿಮ್ಮ ಸಹವಾಸ," ಎಂದ ರುದ್ರಾಚಾರಿ. ಒಬ್ಬನೇ ಹೆಗಲ ವಲ್ಲಿ ಕೊಡವಿ, ಪಡುವಣ ರಸ್ತೆ ಹಿಡಿದು ಹೊರಟೇಬಿಟ್ಟ. ಅವನ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಯಿತು.

ಆಗ ತೆಂಕಣ ಬಟ್ಟಲು ಬಡಕಲಾಯಿತು. ಅದು ನನ್ನಂಥ ಮಂದಗಿವಿಗೂ ತಿಳಿಯುವಷ್ಟು. ಹಿಂದೆಯೇ ಬಡಗಣ, ಆಮೇಲೆ ಮೂಡಣ. ಜಗಲಿಯಲ್ಲಿ ಮೌನ ಹೆಚ್ಚಾಗಿ ದನಿ ಕಡಿಮೆಯಾಯಿತು. ನಾನು ಕೂತ ಅಂಗಳ ಯಾರದು ಎಂಬುದು ನನ್ನ ತಲೆಯಿಂದ ಮೆಲ್ಲಗೆ ಕಳಚಿಕೊಂಡಿತು. ಬಂಡಿಗಳು ಯಾವ ಕಡೆ ಮುಖ ಮಾಡಿವೆ ಎಂದು ಹೇಳುವವರು ಯಾರೂ ಇರಲಿಲ್ಲ. ಅಷ್ಟು ಜನ, ಅಷ್ಟು ಮಕ್ಕಳು ಬಯಲಿನ ನಡುವೆ ಇರುತ್ತಿದ್ದ ಹೊತ್ತು ಅದು. ಎಲ್ಲರೂ ನಮ್ಮ ಚಪ್ಪರದ ಕೆಳಗೆ ಕ್ಷೇಮವಾಗಿ, ಕಣ್ಣು ಕಣ್ಣು ಬಿಡುತ್ತ ಕೂತಿದ್ದರು. ದಿಕ್ಕು ಕೆಟ್ಟ ಆ ತಲೆಯಲ್ಲೂ ಒಂದು ಮಾತ್ರ ನನಗೆ ಸ್ಪಷ್ಟವಾಗಿತ್ತು: ಕಂಬ ಹಿಡಿದು ನಿಂತಿರುವ ಆ ಹೆಂಗಸು ನನ್ನ ಹೆಂಡತಿ.

ಸ್ವಲ್ಪ ಹೊತ್ತಿಗೆ ಬೀದಿಯಿಂದ ಗಂಡಸೊಬ್ಬ ಗತ್ತಿನಿಂದ ಬಂದ. ತನ್ನದೇ ಮನೆಯೆಂಬಂತೆ ಚಪ್ಪಲಿ ಬಿಟ್ಟು, ಜಗಲಿ ಹತ್ತಿ, "ಲೇ ಸಾವಂತ್ರೀ, ಕಾಲಿಗೆ ನೀರು ಕೊಡೇ," ಎಂದು ಕೂಗಿದ. ಸಾವಂತ್ರಿ ಅವನ ಹೆಂಡತಿಯ ಹೆಸರು. ಆ ಹೆಣ್ಣುಮಗಳು ಚಪ್ಪರದ ಕೆಳಗೆ, ನನ್ನ ಪಕ್ಕದಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಯಾರೂ ನಗಲಿಲ್ಲ. ನಮ್ಮೂರಿನಲ್ಲಿ ದಿಕ್ಕು ಕೆಟ್ಟವರನ್ನು ನೋಡಿ ನಗುವುದು ದೊಡ್ಡ ತಪ್ಪು. ಕಾಳಮ್ಮ ಕಂಬದ ಬಳಿಯ ಚೊಂಬಿನ ನೀರು ಕೊಟ್ಟಳು. ಅವನು ಕಾಲು ತೊಳೆದು, ತಲೆಯೆತ್ತಿ, ಅವಳ ಮುಖ ನೋಡಿದ. ಚಪ್ಪರ ನೋಡಿದ. ಮಗ ನೀಲಕಂಠನನ್ನು ನೋಡಿದ.

"ಹಿಂಗೇ," ಎಂದು ಶುರು ಮಾಡಿದ. "ಹಿಂಗೇ ಮಾತಾಡಿಸ್ಕೊಂಡು ಹೋಗಾನ ಅಂತ..." ಮಾತು ಅಲ್ಲಿಗೇ ನಿಂತಿತು. ಚೊಂಬು ಕೆಳಗಿಟ್ಟು, ಸೀನಿನ ಚಾಪೆಯ ಮೇಲೆ ಭಾರವಾಗಿ ಕುಸಿದ. ಯಾರ ಮುಖವನ್ನೂ ನೋಡದೆ, "ನಮ್ಮಣ್ಣ ಈಜೋಕೆ ಇಳಿದಿರ್ಲಿಲ್ಲ," ಎಂದ.

"ಗೊತ್ತಣ್ಣ," ಎಂದಳು ಕಾಳಮ್ಮ.

ಸಂಜೆಯ ಹೊತ್ತಿಗೆ ಬಟ್ಟಲುಗಳು ಒಂದೊಂದಾಗಿ ತುಂಬಿದವು. ಅವಳು 'ಎದ್ದೇಳಿ' ಎಂದ ಮೇಲೂ ಯಾರಿಗೂ ಏಳುವ ಅವಸರವಿರಲಿಲ್ಲ. ಮತ್ತೆ ಒಲೆ ಹಚ್ಚಿ ಎರಡು ಕಡೆಯವರಿಗೂ ಅಡುಗೆ ಮಾಡಿದೆವು. ಹೀಗೆ ನನ್ನ ಹೆಂಡತಿ ಬೇಡಿಕೊಂಡ ಆ ಇನ್ನೊಂದು ದಿನ ಅವಳಿಗೆ ಸಿಕ್ಕಿತು. ಮರುದಿನ ಬೆಳಗ್ಗೆ ಸೊಸೆಯ ಕೈಹಿಡಿದು ಬಂಡಿ ಹತ್ತಿಸಿದವನು ರುದ್ರಾಚಾರಿಯೇ. ಬಂಡಿ ಹೊರಡುವ ಮುಂಚೆ ನನ್ನ ಹತ್ತಿರ ಬಂದು, "ಬೀಗರೇ, ಇಂಥ ಸೀನು ನಮ್ಮೂರಿಗೂ ಒಂದು ಬೇಕಲ್ಲ," ಎಂದ.

ನಾಲ್ಕು ಬಟ್ಟಲು ಎರಕ ಹೊಯ್ದು ಕಳಿಸಿದೆ. ತೊಟ್ಟಿ ಕಟ್ಟಲು ನಮ್ಮೂರಿನವರು ಹೋದರು. ತೊಟ್ಟಿಗಳ ಬಾಯಿಗೆ ಬಿಗಿಯಾಗಿ ಕೂರುವ ಕಬ್ಬಿಣದ ಪಟ್ಟಿಗಳನ್ನು ರುದ್ರಾಚಾರಿ ತಾನೇ ಕೂತು ಬಡಿದ. ಮೋನಿ ಆ ಊರಿನ ಕೇಳುವವಳಾದಳು. ಅಲ್ಲಿಯವರು ಮೊದಮೊದಲು 'ಕೂತೆ' ಎನ್ನಲು ನಾಚಿ, 'ಸ್ವಲ್ಪ ಸುಧಾರಿಸ್ಕೊತೀನಿ' ಎನ್ನುತ್ತಿದ್ದರಂತೆ. ಈಗ ಸರಿಹೋಗಿದ್ದಾರೆ. ಕಾಳಮ್ಮನಿಗೆ ಮಾತ್ರ ಒಂದು ಅನುಮಾನ ಇದ್ದೇ ಇತ್ತು. "ಇನ್ನೂ ಎಳೆ ಕಿವಿ. ಆತುರ ಜಾಸ್ತಿ ಅವಳಿಗೆ," ಎನ್ನುತ್ತಿದ್ದಳು.

ಮೊನ್ನೆ ಬೆಳಗ್ಗೆ ಅವಳು ಜಗಲಿಯಲ್ಲಿ ಹಪ್ಪಳದ ಹಿಟ್ಟು ನಾದಿ ಮುಗಿಸಿ, ಸೆರಗಿಗೆ ಕೈ ಒರೆಸುತ್ತ ಎದ್ದು ನಿಂತಿದ್ದಳು. ನಮ್ಮ ನಾಲ್ಕೂ ಬಟ್ಟಲು ತುಂಬಿ ಹಾಡುತ್ತಿದ್ದವು. ಆಗ ಬಯಲಿನ ಆಚೆಯಿಂದ, ಗಾಳಿಯಲ್ಲಿ ತೇಲಿ, ಸಣ್ಣಗೆ ಒಂದು ಸೀನು ಬಂತು. ನನಗೆ ಕೇಳಿಸಲಿಲ್ಲ, ಅವಳ ಮುಖ ನೋಡಿ ತಿಳಿದುಕೊಂಡೆ. ಅವಳು ಪಡುವಣ ಬಟ್ಟಲಿನ ಹತ್ತಿರ ಹೋಗಿ, ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ಕೇಳಿದಳು. ಹುಬ್ಬು ಗಂಟಿಕ್ಕಿತು. ಇಲ್ಲ, ತುಂಬಾಗಿಯೇ ಇತ್ತು. ಇನ್ನೊಮ್ಮೆ ಕೇಳಿದಳು. ಆಮೇಲೆ ಹುಬ್ಬಿನ ಗಂಟು ಬಿಚ್ಚಿತು.

"ಕೂದಲೆಳೆ," ಎಂದಳು. "ಈಗ ಶುರುವಾಯ್ತು ನೋಡ್ರಿ. ನನಗಿಂತ ಮೊದ್ಲೇ ಕೇಳಿಸ್ಕೊಂಡವ್ಳೆ ನಿಮ್ಮ ಮಗಳು."

ಊರಿನ ಪಡುವಣ ತುದಿಯ ಮನೆಗಳಿಗೂ ಆ ಸೀನು ಮುಟ್ಟಿತ್ತು. ಅಲ್ಲಿಂದ ಮಾತು ಹೊರಟು, ಕೇರಿ ದಾಟಿ, ಬಾವಿಕಟ್ಟೆ ಹಾಯ್ದು, ಕೂತೆ ಕೂತೆ ಎನ್ನುತ್ತ ನಮ್ಮ ಬೀದಿಗೆ ಬಂತು. ಪಕ್ಕದ ಮನೆಯವರು ಕೂತೆ ಎಂದರು. ನಾನು ಕೂತೆ ಎಂದೆ. ಮುಂದಿನ ಸರದಿ ಅವಳದು. ಅವಳ ಕೈ ರೂಢಿಯಂತೆ ನಶ್ಯದ ಡಬ್ಬಿಗೆ ಹೋಯಿತು. ಅಲ್ಲೇ ಒಂದು ಗಳಿಗೆ ನಿಂತಿತು, ಮತ್ತೆ ಕೆಳಗಿಳಿಯಿತು. ನಿಂತು ಕೇಳಲು ಬಯಲಿನ ಆಚೆ ಈಗ ಮಗಳಿದ್ದಳು. ಇಷ್ಟು ವರ್ಷ ಊರನ್ನೆಲ್ಲ ಕೂರಿಸಿದವಳು, ಸೀರೆಯ ನೆರಿಗೆ ಸರಿಮಾಡಿಕೊಂಡು, ಪಡುವಣಕ್ಕೆ ಮುಖ ಮಾಡಿ, ಮೂರು ಬೀದಿಗೆ ಕೇಳಿಸುವಂತೆ ದನಿಯೆತ್ತಿದಳು.

"ಕೂತೆ," ಎಂದಳು. ಕೂತಳು.